ರಾಜನ ಪಾದ, ಮಲಕಪ್ಪನ ಕೋಲು

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನಿಗೆ ಮಲಕಪ್ಪ ಬಂದನೆಂದರೆ ತಲೆಬೇನೆ. ಗ್ಲಾಸು ಕೈಗೆ ಬಂದ ಕೂಡಲೇ ಆತ ಕುಡಿಯುತ್ತಿರಲಿಲ್ಲ. ಮೊದಲು ಅದನ್ನು ಬೆಳಕಿಗೆ ಹಿಡಿದು ತಳದ ಗಾಜು ಎಷ್ಟು ದಪ್ಪವಿದೆ ಎಂದು ನೋಡುತ್ತಿದ್ದ. ತಳ ದಪ್ಪವಿದ್ದಷ್ಟೂ ಚಹಾ ಕಡಿಮೆ, ಅದು ಅವನ ವಾದ. ಅಂಗಡಿಯವನು ಕೊನೆಗೆ ಅವನಿಗೆಂದೇ ಒಂದು ತೆಳು ತಳದ ಗ್ಲಾಸು ತೆಗೆದಿಟ್ಟ. ಮಲಕಪ್ಪ ಅದನ್ನೂ ಅನುಮಾನದಿಂದಲೇ ನೋಡಿದ. ನನಗೊಬ್ಬನಿಗೆ ಯಾಕೆ ಇಷ್ಟು ಮರ್ಯಾದೆ, ಇದರ ಹಿಂದೆ ಏನೋ ಇದೆ ಎಂದು ಒಂದು ವಾರ ಆ ಅಂಗಡಿಗೆ ಹೋಗಲೇ ಇಲ್ಲ.

ಮದುವೆ ನಿಶ್ಚಯದ ದಿನವೂ ಅಷ್ಟೇ. ಹೆಣ್ಣಿಗೆ ಕೊಡಲು ನೇಕಾರರ ಮನೆಯಿಂದ ತಂದಿದ್ದ ಸೀರೆಯನ್ನು ಬೀಗರ ಪಡಸಾಲೆಯಲ್ಲೇ ಬಿಚ್ಚಿ, ಹಾಸಿ, ಕೋಲಿನಿಂದ ಅಳೆದ. ಹದಿನಾರು ಮೊಳ ಸರಿಯಾಗಿ ಬಂತು. ಆಮೇಲೆ ತಲೆಯೆತ್ತಿ ಹೆಣ್ಣಿನ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ನಿಂತು ಇದನ್ನೆಲ್ಲ ಕಂಡಿದ್ದ ರಂಗವ್ವ ಮುಂದೆ ಮೂರು ಮಕ್ಕಳ ತಾಯಿಯಾದ ಮೇಲೂ ಆ ಮಾತು ಬಿಡಲಿಲ್ಲ. "ನನ್ನ ಮಾರಿ ನೋಡೂಕಿಂತ ಮೊದ್ಲ ಸೀರಿ ಅಳದ್ರಿ ನೀವು," ಎಂದು ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದಳು. "ಸೀರಿ ಕಡಿಮಿ ಬಂದಿದ್ರ ನನ್ನ ಬಿಟ್ಟು ಹೊಕ್ಕಿದ್ರೇನು?"

"ಸೀರಿ ಬದಲಿಸ್ತಿದ್ದೆ," ಎನ್ನುತ್ತಿದ್ದ ಮಲಕಪ್ಪ.

ಈ ಸಂಶಯ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಅಮೀನಗಡದ ಸಂತೆಯಿಂದ ಬಂದದ್ದು. ಅವನಪ್ಪ ನೀಲಪ್ಪ ಕುರಿ ಸಾಕಿ, ಉಣ್ಣೆ ನೂಲಿಸಿ, ಕಂಬಳಿ ನೇಯುತ್ತಿದ್ದ. ಎಂಟು ಮೊಳದ ಕಂಬಳಿ ಎಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗೆ ಎಂಟು ಸಲ. ಸಂತೆಯಲ್ಲಿ ಕಂಬಳಿ ಕೊಳ್ಳುವ ಒಬ್ಬ ವ್ಯಾಪಾರಿ ತಾನು ಅಳೆಯುತ್ತಿರಲಿಲ್ಲ. ಅಳೆಯಲಿಕ್ಕೆಂದೇ ಹೆಂಡತಿಯ ತಮ್ಮನನ್ನು ಕರೆತರುತ್ತಿದ್ದ. ಆ ಮನುಷ್ಯ ನಿಂತರೆ ಕೈ ಮೊಳಕಾಲು ಮುಟ್ಟುತ್ತಿತ್ತು. ಅವನ ಕೈಯಲ್ಲಿ ನೀಲಪ್ಪನ ಎಂಟು ಮೊಳದ ಕಂಬಳಿ ಏಳಕ್ಕೇ ಮುಗಿಯಿತು. ಎಂಟು ವರ್ಷದ ಮಲಕಪ್ಪ ಪಕ್ಕದಲ್ಲೇ ನಿಂತಿದ್ದ. ಅಪ್ಪ ಜಗಳವಾಡಲಿಲ್ಲ. ಮನೆಗೆ ಬಂದವನೇ ಜಾಲಿಯ ಕೋಲೊಂದನ್ನು ತನ್ನ ಮೊಳಕ್ಕೆ ಸರಿಯಾಗಿ ಕತ್ತರಿಸಿ, ನುಣುಪು ಮಾಡಿ, ಯಾರೂ ತುದಿ ಹೆರೆಯಬಾರದೆಂದು ಎರಡೂ ಕಡೆ ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡು ಹೊದಿಸಿದ. ಇಪ್ಪತ್ನಾಲ್ಕು ಬೆರಳಿನ ಕೋಲು. ಸಾಯುವಾಗ ಮಗನಿಗೆ ಬಿಟ್ಟುಹೋದದ್ದೂ ಮುಖ್ಯವಾಗಿ ಅದನ್ನೇ.

ಆ ಕೋಲು ಹಿಡಿದುಕೊಂಡೇ ಮಲಕಪ್ಪ ಇಳಕಲ್ಲಿನ ಕೆಂಪು ಕಲ್ಲಿನ ಖಣಿಗೆ ಕೆಲಸಕ್ಕೆ ಸೇರಿದ. ಖಣಿ ಗುರಲಿಂಗಪ್ಪ ಸಾವಕಾರರದು. ಕಲ್ಲು ಸೀಳುವವರ ಗುಂಪಿಗೆ ಮುತ್ತಪ್ಪ ಮೇಸ್ತ್ರಿ. ಬಂಡೆಗೆ ಸಾಲಾಗಿ ತೂತು ಹೊಡೆದು, ತೂತುಗಳಿಗೆ ಕಬ್ಬಿಣದ ಬೆಣೆ ಇಟ್ಟು, ಒಂದೊಂದಾಗಿ ಬಡಿಯುತ್ತ ಹೋದರೆ ಬಂಡೆ ಗೆರೆ ಹಿಡಿದು ಸೀಳುತ್ತದೆ. ದಿನಕ್ಕೆ ಎಷ್ಟು ಮೊಳ ಸೀಳಿದರೋ ಅಷ್ಟಕ್ಕೆ ಕೂಲಿ. ಆ ಸೀಳನ್ನು ಅಳೆಯುವವನು ಮಲಕಪ್ಪ. ಸಾವಕಾರರಿಗೆ ಮೇಸ್ತ್ರಿಯ ಮೇಲೆ ಸಂಶಯ, ಮೇಸ್ತ್ರಿಗೆ ಸಾವಕಾರರ ಮೇಲೆ ಸಂಶಯ. ಆದರೆ ಇಬ್ಬರೂ ಮಲಕಪ್ಪನ ಕೋಲನ್ನು ಒಪ್ಪಿದ್ದರು. ಎಲ್ಲರನ್ನೂ ಸಮನಾಗಿ ಅನುಮಾನಿಸುವ ಮನುಷ್ಯ ಯಾರ ಪಕ್ಷವನ್ನೂ ಹಿಡಿಯಲಾರ ಎಂದು ಅವರ ಲೆಕ್ಕ. ಅದೊಂದೇ ಅವನ ಆಸ್ತಿ. ಮಲಕಪ್ಪ ಅಳೆದ ಎಂದರೆ ಖಣಿಯಲ್ಲಿ ಮತ್ತೆ ಮಾತಿರಲಿಲ್ಲ.

ಎಪ್ಪತ್ತೆಂಟರ ಚಳಿಗಾಲದಲ್ಲಿ ಇಟಲಿಯಿಂದ ರೆಂಜೋ ಎಂಬ ಸಾಹೇಬ ಕಲ್ಲು ಕೊಳ್ಳಲು ಬಂದ. ಪಾವಿಯಾ ಎಂಬ ಊರಿನ ಕಡೆಯವನು. ಇಂಗ್ಲಿಷನ್ನು ತುಂಡು ತುಂಡಾಗಿ ಮಾತಾಡುತ್ತಿದ್ದ. ಅದನ್ನು ಕನ್ನಡಕ್ಕೆ ಮಾಡಲು ಸಾವಕಾರರ ಕಚೇರಿಯಲ್ಲಿ ಪತ್ರ ಟೈಪು ಮಾಡುವ ಅಬೇದಾ ಖಣಿಗೆ ಬರುತ್ತಿದ್ದಳು. ಹಿತ್ತಾಳೆ ಕೆಲಸದ ಅಹ್ಮದಸಾಬನ ಮಗಳು, ಬಾಗಲಕೋಟೆಯಲ್ಲಿ ಕಾಲೇಜು ಓದಿದವಳು. ಮಲಕಪ್ಪ ಅವಳನ್ನು ಸಣ್ಣವಳಿದ್ದಾಗಿನಿಂದ ಬಲ್ಲ. ಬಲ್ಲನೆಂದು ಸಂಶಯ ಬಿಡುವವನಲ್ಲ.

ಕೊಳ್ಳುವವನು ಅಳತೆಯಲ್ಲಿ ಹೊಡೆಯುತ್ತಾನೆ, ಇದು ಮಲಕಪ್ಪನಿಗೆ ಎಂಟನೆಯ ವಯಸ್ಸಿಗೇ ಗೊತ್ತಾದ ಸಂಗತಿ. ಅದಕ್ಕೇ ಸಾಹೇಬ ಉಕ್ಕಿನ ಟೇಪು ಹಿಡಿದು ಮೊದಲ ಕಲ್ಲಿನ ಹತ್ತಿರ ಬಂದಾಗ ಇವನೂ ಕೋಲು ಹಿಡಿದು ಬೆನ್ನಿಗೆ ನಿಂತ. ರೆಂಜೋ ತಿರುಗಿ ಕೋಲನ್ನು ನೋಡಿದ. ಕೈಗೆ ತೆಗೆದುಕೊಂಡು ಹಿತ್ತಾಳೆ ತುದಿಗಳನ್ನು ಸವರಿದ. ಇದೇನೆಂದು ಕೇಳಿದ. ಇವನಪ್ಪನ ಮೊಳ ಎಂದು ಅಬೇದಾ ಹೇಳಿದ್ದೇ ತಡ, ಆತನಿಗೆ ಎಲ್ಲಿಲ್ಲದ ಉಮೇದು ಬಂದು, ಕಲ್ಲಿನ ಮೇಲೆ ಕೂತು, ಕೈ ಆಡಿಸುತ್ತ ಅರ್ಧ ಬೀಡಿ ಸೇದುವಷ್ಟು ಹೊತ್ತು ಮಾತಾಡಿದ.

"ಏನಂದಾ?" ಮಲಕಪ್ಪ ಕೇಳಿದ.

"ಅವರ ಕಡೆ ಹಿಂದಕ ಒಬ್ಬ ರಾಜ ಇದ್ದನಂತ ಕಾಕಾ. ಲಿಯುತ್‌ಪ್ರಾಂದ್ ಅಂತ ಹೆಸರು. ಅವನ ಪಾದ ಒಂದು ಮೊಳ ಉದ್ದ ಇತ್ತಂತ."

"ಅಂವಾ ಅಷ್ಟೊತ್ತು ಮಾತಾಡಿದ, ನೀ ಇಷ್ಟ ಹೇಳಿದಿ. ಉಳಿದದ್ದು ಎಲ್ಲಿ ಹೋತು?"

ಅಬೇದಾ ನಕ್ಕಳು. ಉಳಿದದ್ದನ್ನೂ ಹೇಳಿದಳು. ನಮ್ಮ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ಗುಡಿ ಎದ್ದು ನಿಂತಿತಲ್ಲ, ಸುಮಾರು ಅದೇ ಕಾಲದ ರಾಜ. ಪಾವಿಯಾದಲ್ಲಿ ಕೂತು ಮೂವತ್ತೊಂದು ಮೂವತ್ತೆರಡು ವರ್ಷ ಆಳಿದ. ಊರು ಗೆದ್ದ, ಕಾನೂನು ಬರೆಸಿದ. ಆದರೆ ರೆಂಜೋನ ಮುತ್ತಜ್ಜರಂಥ ರೈತರಿಗೆ ಅದು ಯಾವುದೂ ಗೊತ್ತಿರಲಿಲ್ಲ. ಅವರು ಹೊಲ ಅಳೆಯುತ್ತಿದ್ದ ಅಳತೆಗೆ ಆ ರಾಜನ ಪಾದ ಎಂದು ಹೆಸರು. ಹಗ್ಗದಲ್ಲಿ ಅಂಥ ಹದಿನಾಲ್ಕು ಪಾದ ಹಿಡಿದರೆ ಹೊಲದ ಒಂದು ಪಟ್ಟಿಯ ಲೆಕ್ಕ. ಸಾವಿರ ವರ್ಷ ಹಾಗೆಯೇ ನಡೆಯಿತು, ಮೀಟರು ಬರುವವರೆಗೂ. ಅವರ ಕಡೆಯ ಕೆಲವು ಹಳೆ ಊರುಗಳಲ್ಲಿ ಅಳತೆಗಳನ್ನು ಗೋಡೆಯ ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು.

"ನಮ್ಮ ರಾಜರು ಗುಡಿ ಬಿಟ್ಟು ಹೋದ್ರು, ಇವರ ರಾಜ ಕಾಲು ಬಿಟ್ಟು ಹೋದ," ಎಂದ ಮುತ್ತಪ್ಪ, ಬೆಣೆ ಬಡಿಯುವುದನ್ನು ನಿಲ್ಲಿಸಿ. "ಒಂದ ಮೊಳದ ಪಾದಕ್ಕ ಕೆರಾ ಯಾರು ಹೊಲೀತಿದ್ರೋ ಏನೋ."

ಎಲ್ಲರೂ ನಕ್ಕರು. ಮಲಕಪ್ಪ ನಗಲಿಲ್ಲ.

"ತಂಗಿ, ಅವನ್ನ ಒಂದ ಮಾತು ಕೇಳು. ಆ ರಾಜ ಅಷ್ಟ ದೊಡ್ಡ ಪಾದದಾಗ ಅಳದು ಜನಕ್ಕ ಹೊಲಾ ಕೊಡತಿದ್ದನೋ, ಇಲ್ಲಾ ಜನರ ಹೊಲಾ ಅಳದು ತಾ ತಗೋತಿದ್ದನೋ? ಕೊಡಾಗಿಂದಾದ್ರ ಜನಕ್ಕ ಲಾಭ. ತಗೊಳ್ಳಾಗಿಂದಾದ್ರ ಲುಕ್ಸಾನು. ಕೊಡಾಗಿನ ಪಾದಾನೋ, ತಗೊಳ್ಳಾಗಿಂದೋ?"

ಅಬೇದಾ ಕೇಳಿದಳು. ರೆಂಜೋ ಮೊದಲು ನಕ್ಕ, ಆಮೇಲೆ ಹುಬ್ಬು ಗಂಟಿಕ್ಕಿದ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ, ಊರಿಗೆ ಹೋದ ಮೇಲೆ ತಿಳಿದವರನ್ನು ಕೇಳಿ ಬರೆಯುತ್ತೇನೆ ಎಂದ. ಮಲಕಪ್ಪನಿಗೆ ಆ ಉತ್ತರ ಹಿಡಿಸಲಿಲ್ಲ. ತನ್ನ ರಾಜನ ಹೆಸರು ಬಲ್ಲವನು ಇಷ್ಟು ಸಣ್ಣ ಸಂಗತಿ ತಿಳಿಯದೆ ಇರುತ್ತಾನೆಯೇ?

ಆಮೇಲೆ ಅಳತೆ ಶುರುವಾಯಿತು. ಮಲಕಪ್ಪ ಕಲ್ಲಿನ ಉದ್ದಕ್ಕೆ ಕೋಲು ಇಡುತ್ತ ಹೋದ. ಆರು ಮೊಳ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ರೆಂಜೋ ಟೇಪು ಹಿಡಿದ: ಇನ್ನೂರಾ ಎಂಬತ್ತಾರು ಸೆಂಟಿಮೀಟರು.

"ನಮ್ಮ ಆರ ಮೊಳಕ್ಕ ಎಷ್ಟಾಗತೈತಿ?"

ಅಬೇದಾ ಅಂಗೈ ಮೇಲೆ ಲೆಕ್ಕ ಹಾಕಿದಳು. "ಮೊಳಕ್ಕ ನಲವತ್ತೈದ ಮುಕ್ಕಾಲು ಹಿಡಿದ್ರ, ಇನ್ನೂರಾ ಎಪ್ಪತ್ತನಾಕೂವರಿ."

ಮಲಕಪ್ಪ ಕಲ್ಲನ್ನೂ ಟೇಪನ್ನೂ ಸಾಹೇಬನ ಮುಖವನ್ನೂ ನೋಡಿದ. ಕೊಳ್ಳುವವನ ಟೇಪು ಹೆಚ್ಚು ತೋರಿಸುತ್ತಿದೆ. ಅಂಚು ಸಮವಿಲ್ಲವೆಂದು ರೆಂಜೋ ಪದ್ಧತಿಯಂತೆ ಐದು ಸೆಂಟಿಮೀಟರು ಕಳೆದ. ಕಳೆದ ಮೇಲೂ ಮಲಕಪ್ಪನ ಅಳತೆಗಿಂತ ಆರೂವರೆ ಹೆಚ್ಚೇ ಉಳಿಯಿತು. ಕಡಿಮೆ ತೋರಿಸಿದ್ದರೆ ಮಲಕಪ್ಪ ಅಲ್ಲೇ ಹಿಡಿಯುತ್ತಿದ್ದ, ಅದಕ್ಕೆ ತಯಾರಾಗಿಯೇ ಬಂದಿದ್ದ. ಆದರೆ ತಗೊಳ್ಳುವವನೇ ಹೆಚ್ಚು ಅಳೆದು, ಹೆಚ್ಚು ಬರೆದುಕೊಂಡು, ನಗುನಗುತ್ತ ಮುಂದಿನ ಕಲ್ಲಿಗೆ ಹೋದರೆ?

"ಇದರಾಗ ಏನೋ ಐತಿ," ಎಂದ ಮನೆಗೆ ಬಂದು.

"ಏನಿರತೈತಿ? ಜಾಸ್ತಿ ಬಂತಲ್ಲಾ, ಸುಮ್ನಿರ್ರಿ," ಎಂದಳು ರಂಗವ್ವ.

"ಈಗ ಜಾಸ್ತಿ ತೋರಸತಾನ. ನಮಗ ನಂಬಿಕಿ ಬಂದ ಮ್ಯಾಲ ಕಡಿತಾನ. ಇಲ್ಲಾ ಸಾವಕಾರ್ರೂ ಅವನೂ ಕೂಡಿ ಏನೋ ನಡಸ್ಯಾರ. ಇಲ್ಲಾ ಆ ಹುಡುಗಿ ಟೇಪು ತಪ್ಪು ಓದ್ಯಾಳ."

"ಇಲ್ಲಾ ನಿಮ್ಮ ತೆಲಿ ತಪ್ಪೈತಿ," ಎಂದು ರಂಗವ್ವ ಪುಂಡಿಪಲ್ಲೆ ಬಡಿಸಿದಳು.

ಮರುದಿನ ಮಲಕಪ್ಪ ಟೇಪನ್ನು ಒಂದು ದಿನದ ಮಟ್ಟಿಗೆ ಕೇಳಿದ. ರೆಂಜೋ ಹತ್ತಿರ ಇನ್ನೊಂದಿತ್ತು, ಕೊಟ್ಟುಬಿಟ್ಟ. ಅಷ್ಟು ಸಲೀಸಾಗಿ ಕೊಟ್ಟದ್ದೂ ಅನುಮಾನದ್ದೇ. ಟೇಪನ್ನು ಧೋತರದ ಗಂಟಿನಲ್ಲಿ ಕಟ್ಟಿ, ಕೋಲನ್ನು ಕಂಕುಳಲ್ಲಿಟ್ಟು ಹೊರಟ. ಅರಿವೆ ಅಂಗಡಿಗಳಲ್ಲಿ ಸರಕಾರದ ಮುದ್ರೆಯಿರುವ ಕಬ್ಬಿಣದ ಮೀಟರು ಇರುತ್ತದೆ. ಇಳಕಲ್ಲಿನ ಅಂಗಡಿಯಲ್ಲಿ ಟೇಪು ಹಿಡಿದು ನೋಡಿದ, ಸರಿ ಬಂತು. ಈ ಅಂಗಡಿಯವನು ಸಾವಕಾರರ ಬೀಗ ಅಲ್ಲವೇ ಎಂದು ನೆನಪಾಗಿ ಬಸ್ಸು ಹತ್ತಿ ಹುನಗುಂದಕ್ಕೆ ಹೋದ. ಅಲ್ಲೂ ಸರಿ ಬಂತು. ಹುನಗುಂದ ಇಳಕಲ್ಲಿಗೆ ತೀರ ಹತ್ತಿರ ಎನ್ನಿಸಿ ಬಾಗಲಕೋಟೆಗೆ ಹೋದ. ಅಲ್ಲಿಯ ಅಂಗಡಿಕಾರ ಎರಡು ಸಲ ಅಳೆಯುವವರೆಗೆ ಸುಮ್ಮನಿದ್ದ. ಮೂರನೆಯ ಸಲಕ್ಕೆ, "ಏನ್ರೀ ಯಜಮಾನ್ರ, ಅರಿವಿ ಕೊಳ್ಳಾಕ ಬಂದೀರೋ, ನನ್ನ ಮೀಟರು ಕೊಳ್ಳಾಕ ಬಂದೀರೋ?" ಎಂದ.

ಮೂರು ಊರು, ಮೂರು ಕಬ್ಬಿಣ, ಎಲ್ಲವೂ ಒಂದೇ ಮಾತು ಹೇಳಿದವು. ಟೇಪು ಖರೆ ಇದೆ.

ವಾಪಸು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಜನ ಕರದಂಟು ಕಟ್ಟಿಸಿಕೊಳ್ಳಲು ಇಳಿದರು. ಮಲಕಪ್ಪನೂ ಇಳಿದು ಅಂಗಡಿಯ ಮುಂದಿನ ಬಾಕಿನ ಮೇಲೆ ಕೂತ. ಮೊಳಕಾಲುಗಳ ನಡುವೆ ಕೋಲು. ಅಪ್ಪನ ಕಂಬಳಿ ಏಳು ಮೊಳವಾದ ಸಂತೆ ನಡೆಯುತ್ತಿದ್ದುದು ಅಲ್ಲಿಂದ ಕೂಗಳತೆಯಲ್ಲೇ. ಸಾಹೇಬ, ಸಾವಕಾರ, ಅಬೇದಾ, ಅಂಗಡಿಕಾರರು, ಎಲ್ಲರನ್ನೂ ಅನುಮಾನಿಸಿ ಆಗಿತ್ತು. ಉಳಿದದ್ದು ಯಾವುದು ಎಂದು ನೋಡಿದರೆ, ಕೈಯಲ್ಲೇ ಇತ್ತು.

ಟೇಪು ಬಿಚ್ಚಿ ಕೋಲಿನ ಮೇಲೆ ಹಾಸಿದ. ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತವನು, ಅಂಕಿ ಓದಲು ಬರುತ್ತಿತ್ತು. ನಲವತ್ತೈದು ಮುಕ್ಕಾಲು ಇರಬೇಕಾದಲ್ಲಿ ನಲವತ್ತೇಳೂವರೆ ದಾಟಿತ್ತು. ತಿರುಗಿಸಿ ಹಿಡಿದ. ಅಷ್ಟೇ. ಬೆರಳಿಟ್ಟು ಎಣಿಸಿದ. ಇಪ್ಪತ್ನಾಲ್ಕಲ್ಲ, ಇಪ್ಪತ್ತೈದು. ಬಸ್ಸು ಹಾರ್ನು ಹಾಕುತ್ತಲೇ ಇತ್ತು. ಕಂಡಕ್ಟರು ಬಂದು ಭುಜ ಮುಟ್ಟಿದ ಮೇಲೆಯೇ ಎದ್ದ.

ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ಸೀದಾ ಅಹ್ಮದಸಾಬನ ಅಂಗಡಿಗೆ ಹೋದ. ಅಹ್ಮದಸಾಬ ಬಿಂದಿಗೆಯೊಂದರ ಕಂಠ ತಿದ್ದುತ್ತಿದ್ದ.

"ಅರವತ್ತೇಳರಾಗ ಈ ಕೋಲಿಗೆ ನೀನ ಅಲ್ಲೇನು ಹೊಸಾ ತುದಿ ಹಾಕಿದಾಂವ?"

"ನಾನ ಮಲಕಪ್ಪಣ್ಣ. ಹಳೇ ತಗಡು ಸವದು ಹರದಿತ್ತು."

"ಎಷ್ಟ ದಪ್ಪ ಹಾಕಿದಿ?"

"ನೀವು ಹೇಳಿದಷ್ಟ." ಅಹ್ಮದಸಾಬ ಸುತ್ತಿಗೆ ಕೆಳಗಿಟ್ಟ. "ಮರತಿರೇನು? ಮುಂಜಾನಿಂದ ನನ್ನ ಎದುರಿಗೆ ಕುಂತಿದ್ರಿ, ಹಿತ್ತಾಳಿ ಕದೀತಾನಂತ. ತಗಡು ಬ್ಯಾಡ, ಗಟ್ಟಿ ಹಿತ್ತಾಳಿ ಎರಕಾ ಹೊಯ್ಯಿ, ತೆಳು ಮಾಡಿ ಉಳಿದದ್ದು ಕಿಸೇಕ ಹಾಕಬ್ಯಾಡ ಅಂದ್ರಿ. ತಕ್ಕಡಿಯೊಳಗ ತೂಗಿ ಕೊಟ್ಟಿದ್ರಿ, ತೂಗಿ ತಗೊಂಡ್ರಿ. ಗುಂಜಿ ತೂಕ ಕಡಿಮಿ ಬಂದಿರಲಿಲ್ಲ."

ಬಂದಿರಲಿಲ್ಲ. ಮಲಕಪ್ಪನಿಗೆ ಎಲ್ಲ ನೆನಪಾಯಿತು. ಅಹ್ಮದಸಾಬನ ಕೈ, ಕಣ್ಣು, ಕಿಸೆ, ತಕ್ಕಡಿಯ ಮುಳ್ಳು, ಎಲ್ಲದರ ಮೇಲೂ ಕಣ್ಣಿಟ್ಟಿದ್ದ. ಕೋಲಿನ ಉದ್ದದ ಮೇಲೆ ಇಟ್ಟಿರಲಿಲ್ಲ. ಒಂದೊಂದು ತುದಿಗೆ ಅರ್ಧ ಬೆರಳು ದಪ್ಪ ಕೂತಿತ್ತು.

"ಆಗ ನೀ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ನೀವು ಕೇಳತಿದ್ರೇನು?" ಎಂದ ಅಹ್ಮದಸಾಬ. ಅದರಲ್ಲಿ ಕುಹಕವಿರಲಿಲ್ಲ.

ಉದ್ದನೆಯ ಕೋಲು ಯಾರಿಗೆ ಲುಕ್ಸಾನು? ಮನೆಯ ಕಟ್ಟೆಯ ಮೇಲೆ ಕೂತು ಮಲಕಪ್ಪ ಅದನ್ನೇ ತಿರುವಿ ಹಾಕಿದ. ಮುತ್ತಪ್ಪನ ಮಂದಿ ಇಪ್ಪತ್ತೈದು ಮೊಳ ಸೀಳಿದ್ದಾರೆ, ಈತ ಇಪ್ಪತ್ನಾಲ್ಕು ಎಂದು ಕೂಗಿದ್ದಾನೆ. ಪ್ರತಿ ಇಪ್ಪತ್ನಾಲ್ಕಕ್ಕೆ ಒಂದು ಮೊಳ ಪುಕ್ಕಟೆ. ಹನ್ನೊಂದು ವರ್ಷ. ಅಮೀನಗಡದ ಸಂತೆಯ ಆ ಉದ್ದ ಕೈಯವನು ವಾರಕ್ಕೊಮ್ಮೆ ಬರುತ್ತಿದ್ದ. ತಾನು ದಿನಾ ಖಣಿಗೆ ಹೋಗಿದ್ದಾನೆ. ಇಟಲಿಯ ರಾಜನಿಗೆ ಹಾಕಿದ ಪ್ರಶ್ನೆ ಈಗ ಅವನ ಮಡಿಲಲ್ಲೇ ಬಂದು ಕೂತಿತ್ತು. ತಗೊಳ್ಳುವಾಗಿನ ಕೋಲೇ ಇದು.

ಹೇಳಿದರೆ ಹೆಸರು ಹೋಗುತ್ತದೆ. ಸಾವಕಾರನ ಮನುಷ್ಯ, ಬೇಕೆಂದೇ ಮಾಡಿದ ಎನ್ನುತ್ತಾರೆ. ತಾನಾಗಿದ್ದರೂ ಹಾಗೆಯೇ ಅನ್ನುತ್ತಿದ್ದ. ಹೇಳದಿದ್ದರೆ ಸುತ್ತಿಗೆಯ ಎರಡು ಏಟು ಸಾಕು, ತುದಿ ಬಿಚ್ಚಿ ಬೀಳುತ್ತವೆ, ನಾಳೆಯಿಂದ ಅಳತೆ ಸರಿ, ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಸಾವಕಾರರ ಮನೆಗೆ ಹೋದ. ಗುರಲಿಂಗಪ್ಪನವರು ಪೂಜೆ ಮುಗಿಸಿ ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಿರುವಾಗಲೇ ಹೊರಗೆ ಬಂದರು. ಕೇಳಿಸಿಕೊಂಡರು. ಮಲಕಪ್ಪ ಅವರ ಮುಖವನ್ನೇ ನೋಡುತ್ತಿದ್ದ, ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು.

"ನನಗೇನು ಗೊತ್ತಿರ್ಲಿಲ್ಲಪ," ಎಂದರು ಅವರು, ಕೇಳುವ ಮೊದಲೇ. "ಆದದ್ದಾತು. ತುದಿ ತಗದು ಒಗಿ. ಹನ್ನೊಂದ ವರ್ಷ ಯಾರೂ ಕೇಳಿಲ್ಲ, ಈಗ ನೀ ಯಾಕ ಹೋಗಿ ಹೇಳ್ತಿ? ಬರೋ ತಿಂಗಳ ಹಡಗಿಗೆ ಕಲ್ಲು ಮುಟ್ಟಬೇಕು. ಮಂದಿ ಕೆಲಸಾ ನಿಲ್ಲಿಸಿದ್ರ ಯಾರು ಹೊಣಿ?"

"ನಿಮಗ ಖರೇನ ಗೊತ್ತಿರ್ಲಿಲ್ಲೇನ್ರಿ ಸಾವಕಾರ್ರ?"

"ಇಷ್ಟ ವರ್ಷ ಉಪ್ಪು ತಿಂದು ನನ್ನ ಮ್ಯಾಲೂ ಸಂಶೇ ಏನು?"

"ನನ್ನ ಮ್ಯಾಲ ಬಂದೈತ್ರಿ. ನೀವು ಯಾವ ಲೆಕ್ಕ?" ಎಂದು ಮಲಕಪ್ಪ ಮೆಟ್ಟಿಲಿಳಿದ.

ಮುಂಜಾನೆ ಖಣಿಯಲ್ಲಿ ಮಂದಿ ರೊಟ್ಟಿ ಗಂಟುಗಳನ್ನು ನೆರಳಿಗೆ ಇಡುತ್ತಿದ್ದರು. ಮಲಕಪ್ಪ ಕೋಲನ್ನು ಕಲ್ಲಿನ ಮೇಲೆ ಅಡ್ಡಲಾಗಿಟ್ಟು ಸುತ್ತಿಗೆಯಿಂದ ಎರಡೂ ತುದಿ ಬಡಿದ. ಹಿತ್ತಾಳೆಯ ಎರಡು ಟೊಪ್ಪಿಗೆಗಳು ಕಳಚಿ ಉರುಳಿದವು. ಅವನ್ನೆತ್ತಿ ಮುತ್ತಪ್ಪನ ಅಂಗೈ ಮೇಲಿಟ್ಟು, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ.

ಮುತ್ತಪ್ಪ ಟೊಪ್ಪಿಗೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಹನ್ನೊಂದ ವರ್ಷ ನನ್ನ ಬೆನ್ನ ಹಿಂದ ನಿಂತು ನೋಡಿದಿ, ಮುತ್ತಪ್ಪ ತೂತು ಕಡಿಮಿ ಹೊಡದಾನೇನು, ಬೆಣಿ ದೂರ ಇಟ್ಟಾನೇನು ಅಂತ. ಹೌದಿಲ್ಲೋ?"

"ಹೌದು."

"ಬೀರಪ್ಪನ ಭಂಡಾರ ಮುಟ್ಟಿ ಹೇಳತಿಯೇನು, ನಿನಗ ಗೊತ್ತಿರ್ಲಿಲ್ಲಂತ?"

ಇಬ್ಬರೂ ಬೀರಪ್ಪನ ಒಕ್ಕಲು. ದೇವರ ಅರಿಶಿನ ಮುಟ್ಟಿ ಸುಳ್ಳು ಹೇಳುವವರು ಅವರ ಕಡೆ ಇಲ್ಲ. ಭಂಡಾರ ಮುಟ್ಟಿದರೆ ಅಲ್ಲಿಗೆ ಮಾತು ಮುಗಿಯುತ್ತದೆ, ಮರುದಿನದಿಂದ ಎಲ್ಲ ಮೊದಲಿನಂತೆ. ಮಂದಿ ಅದಕ್ಕೇ ಕಾಯುತ್ತಿದ್ದರು. ಹೂಂ ಎನ್ನಲಿ, ಮುಗಿಯಲಿ ಎಂದು.

"ಮುಟ್ಟೂದಿಲ್ಲ," ಎಂದ ಮಲಕಪ್ಪ. "ಮುಟ್ಟಿದ್ರ ನೀವು ನಂಬತೀರಿ. ಮತ್ತ ಹನ್ನೊಂದ ವರ್ಷ ಯಾರೂ ನನ್ನ ಕೋಲು ಅಳಿಯೂದಿಲ್ಲ. ನಂಬಬ್ಯಾಡ್ರಿ. ಅಳೀರಿ."

ಆ ಮಾತು ಅರ್ಧ ಮಂದಿಗೆ ಸೊಕ್ಕಿನಂತೆ ಕೇಳಿಸಿತು. ಸುತ್ತಿಗೆ ಕೆಳಗಿಟ್ಟರು. ಮೂರು ದಿನ ಖಣಿಯಲ್ಲಿ ಕಲ್ಲು ಸೀಳಲಿಲ್ಲ. ಆ ಮೂರು ದಿನ ಮಲಕಪ್ಪನ ಜೊತೆ ಯಾರೂ ಚಹಾ ಕುಡಿಯಲಿಲ್ಲ. ಅಂಗಡಿಯವನೂ ತೆಳು ತಳದ ಗ್ಲಾಸು ಬಿಟ್ಟು ಕೈಗೆ ಸಿಕ್ಕಿದ ಗ್ಲಾಸಿನಲ್ಲೇ ಕೊಟ್ಟ. ಮಲಕಪ್ಪ ತಳ ನೋಡದೆ ಕುಡಿದು ಎದ್ದ.

ಹಡಗಿನ ದಿನ ಹತ್ತಿರ ಬರುತ್ತಿತ್ತು. ಮೂರನೆಯ ದಿನ ಸಾವಕಾರರೇ ಖಣಿಗೆ ಬಂದರು. ಕೂತು ಮಾತಾಡಿದರು. ಹೋದ ಮೊಳಗಳನ್ನು ಒಮ್ಮೆಲೇ ತುಂಬುವುದು ಆಗದ ಮಾತು ಎಂದರು. ಆಗ ಮಲಕಪ್ಪನೇ ಹೇಳಿದ: ಹನ್ನೊಂದು ವರ್ಷ ತಗೊಂಡದ್ದನ್ನು ಹನ್ನೊಂದು ವರ್ಷ ತಿರುಗಿ ಕೊಡೋಣ. ಇಂದಿನಿಂದ ಸರಿಯಾದ ಕೋಲಿನಲ್ಲಿ ಇಪ್ಪತ್ನಾಲ್ಕು ಮೊಳ ಸೀಳಿದರೆ ಇಪ್ಪತ್ತೈದು ಎಂದು ಕೂಗುತ್ತೇನೆ. ಸಾವಕಾರರು ಹಣೆ ಒರೆಸಿಕೊಂಡರು. ಹಡಗು ನೆನೆದು ಒಪ್ಪಿದರು.

"ಸರಿಯಾದ ಕೋಲು ಯಾವದು?" ಎಂದ ಮುತ್ತಪ್ಪ. "ನಿಂದಂತೂ ಬ್ಯಾಡ."

ಇಳಕಲ್ಲಿನ ಅಂಗಡಿಯ ಮೀಟರು ಅವನಿಗೆ ಬೇಡವಾಯಿತು, ಅದು ಸಾವಕಾರರ ಬೀಗರದು. ಹುನಗುಂದ, ಬಾಗಲಕೋಟೆಯೂ ಬೇಡ, ಅಲ್ಲಿಗೆ ಮಲಕಪ್ಪ ಮೊದಲೇ ಹೋಗಿ ಬಂದಿದ್ದಾನೆ, ಏನು ಮಾತಾಡಿಕೊಂಡು ಬಂದಿದ್ದಾನೋ ಯಾರಿಗೆ ಗೊತ್ತು. ಕೊನೆಗೆ ತಾನೇ ಬಾದಾಮಿಗೆ ಹೋಗಿ, ಪರಿಚಯವಿಲ್ಲದ ಅಂಗಡಿಯಲ್ಲಿ ಮುದ್ರೆಯ ಕಬ್ಬಿಣದ ಮೀಟರಿನ ಮೇಲೆ ನಲವತ್ತೈದು ಮುಕ್ಕಾಲು ಹಿಡಿದು ಒಂದು ಮೊಳದ ಸರಳು ಗುರುತು ಮಾಡಿಸಿಕೊಂಡು ಬಂದ. ಖಣಿಯ ಬಾಯಲ್ಲಿ ಹಾಸಿಕೊಂಡಿದ್ದ ಬಂಡೆಯ ಮೇಲೆ ಆ ಸರಳು ಇಟ್ಟು, ಎರಡೂ ತುದಿಗೆ ಉಳಿಯಿಂದ ಬೆರಳಾಳದ ಗೆರೆ ಹೊಡೆದ. ರೆಂಜೋನ ಊರಿನ ಗೋಡೆಯ ಮಾತು ಅವನೂ ಕೇಳಿಸಿಕೊಂಡಿದ್ದನಲ್ಲ. 

ಮಲಕಪ್ಪ ಹಿಡಿಯಲು ಕೈ ಚಾಚಿದ. "ನೀ ಮುಟ್ಟಬ್ಯಾಡ, ದೂರ ನಿಂದ್ರು," ಎಂದ ಮುತ್ತಪ್ಪ. ಮಲಕಪ್ಪ ದೂರ ನಿಂತ.

ತುದಿ ಕಳಚಿದ ಜಾಲಿಯ ಕೋಲನ್ನು ಗೆರೆಗಳ ನಡುವೆ ಇಟ್ಟು ನೋಡಿದರು. ನೀಲಪ್ಪನ ಮೊಳ ಗೆರೆಯಿಂದ ಗೆರೆಗೆ ಸರಿಯಾಗಿ ಕೂತಿತು. ಆದ್ದರಿಂದ ಅಳೆಯುವ ಕೆಲಸ ಮಲಕಪ್ಪನಿಗೇ ಉಳಿಯಿತು, ಒಂದು ಕರಾರಿನ ಮೇಲೆ. ದಿನಾ ಸಂಜೆ ಅಳತೆಗೆ ಮೊದಲು ಮುತ್ತಪ್ಪ ಕೋಲನ್ನು ಕಸಿದುಕೊಂಡು ಗೆರೆಗಳ ನಡುವೆ ಇಟ್ಟು ನೋಡಬೇಕು.

ಹಾಗೆಯೇ ನಡೆಯಿತು. ಮಲಕಪ್ಪ ಬಗ್ಗಿ ಕೋಲು ಇಡುತ್ತ ಹೋಗುವುದು, ಇಪ್ಪತ್ಮೂರು, ಇಪ್ಪತ್ನಾಲ್ಕು ಎಂದು ಕೂಗುವುದು, ಆಮೇಲೆ ಕೋಲು ಎತ್ತದೆ, ನೆಟ್ಟಗೆ ನಿಂತು, ಇಪ್ಪತ್ತೈದು ಎನ್ನುವುದು. ಹೊಸದಾಗಿ ಕೆಲಸಕ್ಕೆ ಬಂದವರು ಮುದುಕನಿಗೆ ಎಣಿಸಲು ಬರುವುದಿಲ್ಲ ಎಂದುಕೊಳ್ಳುತ್ತಿದ್ದರು.

ವರ್ಷ ತುಂಬುವುದರೊಳಗೆ ರೆಂಜೋನ ಪತ್ರ ಬಂತು. ಅಬೇದಾ ಖಣಿಗೇ ಬಂದು ಓದಿ ಹೇಳಿದಳು. ಹಳೆಯ ಬರಹವೊಂದರಲ್ಲಿ ರಾಜನ ಪಾದದ ಮಾತಿದೆ, ಹಗ್ಗದ ಹದಿನಾಲ್ಕು ಪಾದದ ಲೆಕ್ಕವೂ ಇದೆ. ಕೊಡುವಾಗಿನದೋ ತಗೊಳ್ಳುವಾಗಿನದೋ ಎಂದು ಬರೆದಿಲ್ಲ. ಆ ಅಳತೆ ರಾಜನಿಗಿಂತ ಹಳೆಯದು, ಜನರೇ ಅದನ್ನು ತಂದು ಅವನ ಕಾಲಿಗೆ ಕಟ್ಟಿದರು ಎನ್ನುವವರೂ ಇದ್ದಾರೆ.

"ಪೂರಾ ಓದಿದಿ?"

"ಪೂರಾ ಓದೀನಿ ಕಾಕಾ. ಬೇಕಾದ್ರ ನೀವ ನೋಡ್ರಿ," ಎಂದು ಅಬೇದಾ ಪತ್ರ ಮುಂದೆ ಹಿಡಿದಳು. ಮಲಕಪ್ಪ ತೆಗೆದುಕೊಂಡು ಸಾಲು ಎಣಿಸಿದ.

"ಹಂಗಾದ್ರ ತನ್ನ ಪಾದ ಅಷ್ಟುದ್ದ ಐತೆಂತ ಆ ರಾಜಗ ಗೊತ್ತ ಇರ್ಲಿಕ್ಕಿಲ್ಲ," ಎಂದ.

"ಇರ್ಲಿಕ್ಕಿಲ್ಲ."

"ಯಾರಾರ ಹೋಗಿ ಅವನ ಕಾಲು ಅಳದು ನೋಡಬೇಕಿತ್ತು," ಎಂದು ಮಲಕಪ್ಪ ಪತ್ರ ಮಡಚಿ ಕಿಸೆಗೆ ಹಾಕಿದ.

ಖಣಿ ಆಳವಾಗುತ್ತ ಹೋಯಿತು. ಎಂಬತ್ತನಾಲ್ಕರಲ್ಲಿ ಸಾವಕಾರರ ಮಗ ಖಣಿಯ ಬಾಯಿಯ ಬಂಡೆಯನ್ನೂ ಸೀಳಿ ತೆಗೆಯಿರಿ ಎಂದ; ಒಳ್ಳೆ ಬಣ್ಣದ ಕಲ್ಲು. ಮುತ್ತಪ್ಪ ಆ ಎರಡು ಗೆರೆಗಳ ಸುತ್ತ ಒಂದು ಜಮಖಾನೆ ಹಾಸುವಷ್ಟು ಜಾಗ ಬಿಟ್ಟು ಉಳಿದದ್ದನ್ನು ಸೀಳಿದ. ಯಾಕೆಂದು ಕೇಳಿದರೆ, "ಅದನ್ನ ತಗದ್ರ ಮಲಕ್ಯಾ ಮತ್ತ ಕೋಲು ಬೆಳಸತಾನ," ಎಂದ. ಮಾತು ಮಲಕಪ್ಪನಿಗೆ ಕೇಳುವಂತೆಯೇ ಇತ್ತು. ಅಷ್ಟರಲ್ಲಿ ಇಬ್ಬರೂ ಮತ್ತೆ ಒಂದೇ ಬಾಕಿನ ಮೇಲೆ ಕೂತು ಚಹಾ ಕುಡಿಯತೊಡಗಿದ್ದರು. ತೆಳು ತಳದ ಗ್ಲಾಸು ಮುತ್ತಪ್ಪ ತೆಗೆದುಕೊಳ್ಳುತ್ತಿದ್ದ.

ಎಂಬತ್ತೊಂಬತ್ತರ ಚಳಿಗಾಲದ ಒಂದು ಸಂಜೆ. ಮಲಕಪ್ಪನ ಬೆನ್ನು ಬಾಗಿತ್ತು, ಕೋಲು ಇಟ್ಟು ಎತ್ತುವುದಕ್ಕೆ ಮೊದಲಿನ ಎರಡರಷ್ಟು ಹೊತ್ತು ಬೇಕು. ಇಪ್ಪತ್ಮೂರು. ಇಪ್ಪತ್ನಾಲ್ಕು. ನೆಟ್ಟಗೆ ನಿಂತ. ಕೋಲನ್ನು ಹೆಗಲಿಗಿಟ್ಟುಕೊಂಡ. ಮುಂದೆ ಏನೂ ಹೇಳಲಿಲ್ಲ.

"ಲೇ ಮಲಕ್ಯಾ," ಕಲ್ಲಿನ ಮೇಲೆ ಕೂತಿದ್ದ ಮುತ್ತಪ್ಪ ಕೂಗಿದ. "ಒಂದು ಮರತಿ."

"ಮರತಿಲ್ಲ. ನಿನ್ನೆಗಿ ಹನ್ನೊಂದ ವರ್ಷ ತುಂಬಿದ್ವು. ಮುಗೀತು."

ಮುತ್ತಪ್ಪ ಎದ್ದು, ಮೊಳಕಾಲು ಹಿಡಿದುಕೊಳ್ಳುತ್ತ ಇಳಿದು ಬಂದ. ಕೋಲನ್ನು ಕಸಿದುಕೊಂಡ. ಗೆರೆಗಳ ನಡುವೆ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಕೋಲು ಸರಿಯಿತ್ತು. ಆಮೇಲೆ ಬೆರಳು ಮಡಚತೊಡಗಿದ.

"ಅವತ್ತ ಸಾವಕಾರ್ರು ಹೂಂ ಅಂದ ದಿನದಿಂದ ಎಣಿಸಿದಿಯೋ, ನಾವು ಸುತ್ತಿಗಿ ಕೆಳಗಿಟ್ಟ ದಿನದಿಂದ ಎಣಿಸಿದಿಯೋ?"

"ಸುತ್ತಿಗಿ ಇಟ್ಟ ದಿನದಿಂದ."

"ಆ ಮೂರ ದಿನ ಕಲ್ಲ ಸೀಳಿಲ್ಲ. ಕಲ್ಲ ಸೀಳದ ದಿನಕ್ಕ ಏನ ತಿರುಗಿ ಕೊಟ್ಟಿ ನೀ?" ಮುತ್ತಪ್ಪ ಮೂರು ಬೆರಳು ಎತ್ತಿ ಅವನ ಮುಖದ ಮುಂದೆ ಹಿಡಿದ. "ಇನ್ನೂ ಮೂರ ದಿನ ಉಳದಾವ. ಹನ್ನೊಂದ ವರ್ಷದ ಕೊನಿಗೆ ಬಂದು ಮೂರ ದಿನ ನುಂಗಾಕ ನಿಂತಿಯೇನು?"

ಮಲಕಪ್ಪ ಮನಸ್ಸಿನಲ್ಲೇ ದಿನಗಳನ್ನು ಮತ್ತೊಮ್ಮೆ ಎಣಿಸಿದ. ಮುತ್ತಪ್ಪ ಹೇಳಿದ್ದು ಖರೆ ಇತ್ತು. ಅವನ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಖಣಿಯ ಮಂದಿ ಅದನ್ನು ಕಂಡದ್ದು ಕಡಿಮೆ. ಕೈ ಚಾಚಿ ಕೋಲು ಇಸಿದುಕೊಂಡ.

"ಇಪ್ಪತ್ತೈದು," ಎಂದ.